ಇನ್ನೂರ ಹದಿನೈದನೆಯ ಗಿಡ

ರೋಗ ಬಂದ ಎರಡನೆಯ ವರ್ಷ, ಬೇಸಿಗೆಯ ಮೊದಲ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ನಗರಸಭೆಯು ಪ್ರಕೃತಿಯನ್ನು ಮುಚ್ಚಿತು. ಮುಚ್ಚುವ ಕೆಲಸ ಹನ್ನೊಂದು ನಿಮಿಷಗಳಲ್ಲಿ ಮುಗಿಯಿತು. ಊರಿನಲ್ಲಿದ್ದ ಪ್ರಕೃತಿಗೆ ಒಂದೇ ಗೇಟು ಇದ್ದುದರಿಂದ ಒಂದೇ ಬೀಗ ಸಾಕಾಯಿತು. ಬೀಗದ ಕೈಯನ್ನು ಉದ್ಯಾನದ ಮಾಲಿಗೆ ಒಪ್ಪಿಸಿ, ಗೇಟಿನ ಮೇಲೆ ಸುತ್ತೋಲೆ ಅಂಟಿಸಿ, ನೌಕರರು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹೊರಟುಹೋದರು.

ಸುತ್ತೋಲೆ ಹೀಗಿತ್ತು: "ಸಾಂಕ್ರಾಮಿಕ ರೋಗದ ಹಿನ್ನೆಲೆಯಲ್ಲಿ ನಗರದ ಏಕೈಕ ಉದ್ಯಾನವನ್ನು ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ. ಸಾರ್ವಜನಿಕರು ಪ್ರಕೃತಿಯನ್ನು ತಮ್ಮ ತಮ್ಮ ಕಿಟಕಿಗಳ ಮೂಲಕ ಸವಿಯತಕ್ಕದ್ದು. ಕಿಟಕಿ ಇಲ್ಲದವರು ಕಿಟಕಿ ಇರುವ ಬಂಧುಗಳಿಗೆ ದೂರವಾಣಿ ಕರೆ ಮಾಡಿ ವಿವರ ತಿಳಿದುಕೊಳ್ಳತಕ್ಕದ್ದು. ಹಕ್ಕಿಗಳ ಧ್ವನಿಯನ್ನು ಆಲಿಸಲು ನಿರ್ಬಂಧವಿಲ್ಲ. ಆದರೆ ಗುಂಪುಗೂಡಿ ಆಲಿಸತಕ್ಕದ್ದಲ್ಲ. ಉದ್ಯಾನದೊಳಗಿನ ಗಾಳಿ ಗೋಡೆ ದಾಟಿ ಹೊರಗೆ ಬಂದಲ್ಲಿ ಅದಕ್ಕೆ ನಗರಸಭೆ ಜವಾಬ್ದಾರಿಯಲ್ಲ."

ಮಾಲಿ ಅದನ್ನು ಎರಡು ಸಲ ಓದಿದ. ಅವನಿಗೆ ಕಿಟಕಿ ಇರಲಿಲ್ಲ. ಕಿಟಕಿ ಇರುವ ಬಂಧುಗಳೂ ಇರಲಿಲ್ಲ. ಮಾರುಕಟ್ಟೆ ರಸ್ತೆಯ ಹಿಂದಿನ ಕಟ್ಟಡದಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಬೆನ್ನಿಗೆ ಅವನ ಒಂದು ಕೋಣೆಯ ಮನೆ. ಆ ಕೋಣೆಗೆ ಇದ್ದ ಒಂದೇ ಒಂದು ಕಿಂಡಿಯಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ಇಸ್ತ್ರಿಯ ಹಬೆ ಒಳಗೆ ಬರುತ್ತಿತ್ತು. ಇಷ್ಟು ವರ್ಷ ಅದೇನೂ ತೊಂದರೆ ಎನಿಸಿರಲಿಲ್ಲ. ಚಳಿಗಾಲದಲ್ಲಿ ಅವನ ಹೆಂಡತಿಗೆ ರೋಗ ತಗುಲಿ, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಎಲ್ಲ ಬದಲಾಯಿತು. ಬಾಗಿಲ ಮುಂದಿನ ನಾಲ್ಕು ಮೆಟ್ಟಿಲು ಹತ್ತಲು ಅವಳು ಎರಡು ಕಡೆ ನಿಲ್ಲುತ್ತಿದ್ದಳು. ಮೊದಲೆಲ್ಲ ಗಂಡನನ್ನು ಬೈಯಲು ಶುರು ಮಾಡಿದರೆ ಬೀದಿಯ ಕೊನೆಯ ಮನೆಯವರಿಗೂ ವಿಷಯ ತಿಳಿಯುತ್ತಿತ್ತು. ಈಗ ಬೈಗುಳ ಅರ್ಧಕ್ಕೆ ನಿಂತು, ಮಿಕ್ಕ ಅರ್ಧವನ್ನು ಅವನೇ ಊಹಿಸಿಕೊಳ್ಳಬೇಕಾಗುತ್ತಿತ್ತು. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ವೈದ್ಯರು ಚೀಟಿಯಲ್ಲಿ ಮೂರು ಮಾತ್ರೆಗಳ ಹೆಸರು ಬರೆದು, ನಾಲ್ಕನೆಯ ಸಾಲಿನಲ್ಲಿ "ದಿನಕ್ಕೊಂದು ಗಂಟೆ, ಮರದ ನೆರಳಲ್ಲಿ" ಎಂದು ಬರೆದಿದ್ದರು. ಔಷಧಿ ಅಂಗಡಿಯವನು ಮೂರು ಮಾತ್ರೆ ಕೊಟ್ಟು, ನಾಲ್ಕನೆಯದು ಸ್ಟಾಕ್ ಇಲ್ಲ ಎಂದ.

ಇಪ್ಪತ್ತೊಂಬತ್ತು ವರ್ಷಗಳಿಂದ ಮಾಲಿ ಆ ಉದ್ಯಾನದ ಪಾತಿ ಬಿಡಿಸಿ, ನೀರು ಹಾಯಿಸಿ, ಎಲೆ ಗುಡಿಸಿ ಬಂದಿದ್ದ. ಅಲ್ಲಿದ್ದ ಇನ್ನೂರ ಹದಿನಾಲ್ಕು ಗಿಡಮರಗಳಿಗೂ ತಗಡಿನ ನಂಬರು ಹೊಡೆದವನು ಅವನೇ. ಒಂದನೆಯ ನಂಬರು ನಟ್ಟನಡುವೆ ನಿಂತಿದ್ದ ಅತ್ತಿಮರದ್ದು. ಆ ಮರದ ನೆರಳಿನಲ್ಲಿ ಅವನು ಊಟ ಮಾಡಿದ್ದ, ಮೇಲಧಿಕಾರಿಗಳಿಂದ ಬೈಸಿಕೊಂಡಿದ್ದ, ಒಮ್ಮೆ ಹಲ್ಲುನೋವಿನಲ್ಲಿ ಅತ್ತಿದ್ದ. ನೆರಳಿಗೆ ಅನುಮತಿ ಬೇಕಾಗಬಹುದೆಂಬ ಯೋಚನೆ ಅವನಿಗೆ ಬಂದೇ ಇರಲಿಲ್ಲ. ಈಗ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನಗರಸಭೆಗೆ ಹೋದ.

ನಗರಸಭೆಯ ಹಿರಿಯ ಗುಮಾಸ್ತರನ್ನು ಊರಿನವರು ಸದರಿ ಗುಮಾಸ್ತರು ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಕಡತ ಬರೆದು ಬರೆದು, ಸದರಿ ಎಂದು ಸೇರಿಸದೆ ಯಾವ ವಸ್ತುವನ್ನೂ ಹೆಸರಿಸಲು ಅವರ ನಾಲಿಗೆ ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಸದರಿ ಉಪ್ಪು ಕೇಳಿ, ಸದರಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತಿದ್ದರಂತೆ. ಆದರೆ ಮನುಷ್ಯ ಒಳ್ಳೆಯವರು. ಪ್ಲಾಸ್ಟಿಕ್ ಪರದೆಯ ಆಚೆಯಿಂದ ಚೀಟಿಯನ್ನು ಚಿಮಟದಲ್ಲಿ ಹಿಡಿದು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಸದರಿ ಉದ್ಯಾನದ ಒಳಗೆ ಯಾರು ಬರಬಹುದು ಅಂತ ನಿಯಮದಲ್ಲಿ ಸ್ಪಷ್ಟವಾಗಿದೆ ಕಣಪ್ಪಾ. ಮಾಲಿ ಬರಬಹುದು. ಗಿಡಗಳು ಬರಬಹುದು. ಬೇರೆಯವರ ವಿಷಯ ಬರೆದಿಲ್ಲ."

"ನನ್ನ ಹೆಂಡತಿ, ಸಾರ್?"

"ಸದರಿ ಹೆಂಡತಿ ಮಾಲಿಯಾ?"

"ಅಲ್ಲ ಸಾರ್."

ಗುಮಾಸ್ತರು ಬಹಳ ಹೊತ್ತು ಮೇಲಿನ ಫ್ಯಾನನ್ನು ನೋಡಿದರು. "ಹಾಗಾದ್ರೆ ಇನ್ನು ಒಂದೇ ದಾರಿ" ಎಂದು, ಒಳಗೆ ಬಂದದ್ದನ್ನೆಲ್ಲ ಬರೆದಿಡುವ ಆವಕ ಪುಸ್ತಕವನ್ನು ಎಳೆದುಕೊಂಡರು.

ಆವಕ ಪುಸ್ತಕದ ಆ ದಿನದ ನಮೂದು ಈಗಲೂ ಇದೆ, ಬೇಕಾದವರು ಅರ್ಜಿ ಹಾಕಿ ನೋಡಬಹುದು. ಕ್ರಮ ಸಂಖ್ಯೆ: ಇನ್ನೂರ ಹದಿನೈದು. ವಿವರ: ಗಿಡ, ಒಂದು. ಎತ್ತರ: ಐದು ಅಡಿ ಒಂದು ಅಂಗುಲ. ಜಾತಿ: ಮನೆಯಲ್ಲಿ ಬೆಳೆಯುವಂಥದ್ದು. ಸ್ಥಿತಿ: ಸ್ವಲ್ಪ ಬಾಡಿದೆ. ಷರಾ: ದಿನಕ್ಕೊಂದು ಗಂಟೆ ನೆರಳಿನಲ್ಲಿ ಇಡತಕ್ಕದ್ದು. ಕೆಳಗೆ ಮಾಲಿಯ ಸಹಿ, ಗುಮಾಸ್ತರ ಸಹಿ, ಮೊಹರು.

ಮಾಲಿ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. "ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಕ್ಕೆ ಗಿಡ ಅಂತ ಬರೆಸಿ ಬಂದ್ರಾ?" ಎಂದು ಕೇಳಿ, ಉಸಿರು ತೆಗೆದುಕೊಂಡು, "ಬಾಡಿದೆ ಅಂತ ಬೇರೆ ಬರೆಯೋಕೆ ಬಿಟ್ರಾ?" ಎಂದಳು. ಗಿಡ ಎಂದದ್ದಕ್ಕಿಂತ ಬಾಡಿದೆ ಎಂದದ್ದು ಅವಳಿಗೆ ಹೆಚ್ಚು ನಾಟಿತ್ತು.

ಮರುದಿನದಿಂದ ಅವಳು ಬಂದು ಅತ್ತಿಮರದ ಬುಡದಲ್ಲಿ ಕೂರತೊಡಗಿದಳು. ತಪಾಸಣೆಗೆ ಯಾರಾದರೂ ಬಂದರೆ ಇರಲಿ ಎಂದು ಮಾಲಿ ಇನ್ನೂರ ಹದಿನೈದರ ತಗಡನ್ನು ಅವಳ ಕೈಚೀಲಕ್ಕೆ ಕಟ್ಟಿದ್ದ. ಒಂದು ವಾರ ಕಳೆಯುವಷ್ಟರಲ್ಲಿ ನಾಲ್ಕು ಮೆಟ್ಟಿಲಿಗೆ ಒಂದೇ ಕಡೆ ನಿಲ್ಲುವಂತಾದಳು. ಎರಡನೆಯ ವಾರದ ಕೊನೆಗೆ, ನೀರಿನ ಪೈಪನ್ನು ದಾರಿಯಲ್ಲಿ ಬಿಟ್ಟಿದ್ದಕ್ಕೆ ಅವನನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಬೈದಳು. ಮಾಲಿ ಪೈಪನ್ನು ಹಿಡಿದುಕೊಂಡು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಇದೇ ಸಮಯದಲ್ಲಿ ಊರಿನ ಪರಿಸರ ಪ್ರೇಮಿಗಳು ಎಚ್ಚೆತ್ತರು.

ಹಸಿರು ಉಳಿಸಿ ಸಮಿತಿಯ ಅಧ್ಯಕ್ಷರು ನಿವೃತ್ತ ಉಪಾಧ್ಯಾಯರು. ಸಾಧಾರಣ ಮಾತನ್ನೂ ಘೋಷಣೆಯ ಹಾಗೆ ಹೇಳುವ ಅಭ್ಯಾಸವಿದ್ದುದರಿಂದ ಅವರಿಗೆ ಘೋಷಣೆ ಮೇಷ್ಟ್ರು ಎಂಬ ಹೆಸರು ನಿಂತಿತ್ತು. ಇಪ್ಪತ್ತು ವರ್ಷಗಳಿಂದ ಪ್ರಕೃತಿಗಾಗಿ ಹೋರಾಡಿದವರು. ಉದ್ಯಾನದೊಳಗೆ ಮಾತ್ರ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ, ಏಕೆಂದರೆ ಅಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಅವರು ಗೆದ್ದುಕೊಂಡಿದ್ದ ನಿಯಮ ಒಂದೇ ಒಂದು: ಉದ್ಯಾನದ ಯಾವ ಗಿಡದ ಸುತ್ತಲೂ ಆರು ಅಡಿಯೊಳಗೆ ಚಪ್ಪರ, ಡೇರೆ, ಛತ್ರಿ ಅಥವಾ ಅಂಥ ಯಾವುದೇ ಕಟ್ಟಡ ನಿಲ್ಲಿಸಕೂಡದು. ಅದನ್ನು ಅವರು ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದ್ದರು.

ರೋಗದ ಕಾಲದಲ್ಲಿ ಮನೆಯಲ್ಲೇ ಕೂತು ಎಲ್ಲರಿಗೂ ಪ್ರಕೃತಿಯ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. ಸಮಿತಿಯ ಸದಸ್ಯರ ಸಂಖ್ಯೆ ಹದಿನೆಂಟರಿಂದ ಹನ್ನೆರಡು ಸಾವಿರಕ್ಕೇರಿತು. ಸಭೆಗಳು ಕಂಪ್ಯೂಟರಿನಲ್ಲಿ ನಡೆದವು. ಪ್ರತಿಯೊಬ್ಬರೂ ತಮ್ಮ ಬೆನ್ನ ಹಿಂದೆ ಕಾಡಿನ ಚಿತ್ರ ಹಾಕಿಕೊಂಡಿದ್ದರು. ಮೇಷ್ಟ್ರು ಜಲಪಾತವನ್ನು ಆರಿಸಿಕೊಂಡಿದ್ದರು, ಆಗಾಗ ಅವರ ಸೊಸೆ ಜಲಪಾತವನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಮೊದಲ ಸಭೆಯಲ್ಲಿ ಮೇಷ್ಟ್ರು ನಲವತ್ತು ನಿಮಿಷ ಮುಷ್ಟಿ ಎತ್ತಿ ಮಾತಾಡಿದರು. ಮೈಕು ಬಂದ್ ಆಗಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಎಲ್ಲರೂ ಅವರ ಅಭಿಪ್ರಾಯವನ್ನು ಸರ್ವಾನುಮತದಿಂದ ಒಪ್ಪಿದರು.

ಸಮಿತಿಯ ಬೇಡಿಕೆ ಒಂದೇ ಸಾಲಿನದು: "ಉದ್ಯಾನವನ್ನು ಕೂಡಲೇ ಹಸಿರು ವಲಯ ಎಂದು ಘೋಷಿಸಬೇಕು." ಹಸಿರು ವಲಯ ಎಂದರೆ ಏನು ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರಿಗೆ ಆ ಪದ ಕೂಗಲು ಅನುಕೂಲ ಎನಿಸಿತ್ತು, ಅಷ್ಟೆ. ಹನ್ನೆರಡು ಸಾವಿರ ಮನವಿಗಳನ್ನು ಮೂರು ಮೂರು ಪ್ರತಿ ಮುದ್ರಿಸಿ, ಎರಡು ಲಾರಿಗಳಲ್ಲಿ ನಗರಸಭೆಗೆ ತಲುಪಿಸಲಾಯಿತು.

ಆಯುಕ್ತರು ಮನವಿ ಓದಿ ಹಿಗ್ಗಿದರು. ಅವರ ಹಿಗ್ಗಿಗೆ ಬೇರೆ ಕಾರಣವಿತ್ತು. ರೋಗ ಹರಡಿದ ಮೇಲೆ ಆರೋಗ್ಯ ಶಾಖೆಯು ಊರನ್ನು ಬಣ್ಣಗಳಲ್ಲಿ ವಿಂಗಡಿಸಿತ್ತು. ಕೆಂಪು ವಲಯದಲ್ಲಿ ಯಾರೂ ಹೊರಗೆ ಬರುವಂತಿಲ್ಲ, ಯಾವ ಅಂಗಡಿಯೂ ತೆರೆಯುವಂತಿಲ್ಲ. ರೋಗವೇ ಇಲ್ಲದ ಕಡೆ ಹಸಿರು ವಲಯ, ಅಲ್ಲಿ ಎಲ್ಲ ವ್ಯಾಪಾರಕ್ಕೂ ಅವಕಾಶ. ಈ ಊರು ಮೂಲೆಯಿಂದ ಮೂಲೆಗೆ ಕೆಂಪು. ಎಲ್ಲ ಊರುಗಳಲ್ಲೂ ಒಂದೆರಡಾದರೂ ಹಸಿರು ವಲಯಗಳಿರುವಾಗ ನಿಮ್ಮಲ್ಲೇಕಿಲ್ಲ ಎಂದು ಮೇಲಿನ ಕಚೇರಿಯವರು ಮೂರು ಜ್ಞಾಪನ ಕಳಿಸಿದ್ದರು. ಈಗ ಜನರೇ ಬಂದು ಹಸಿರು ವಲಯ ಮಾಡಿ ಎಂದು ಕೈಮುಗಿಯುತ್ತಿದ್ದರು. ಮನುಷ್ಯರೇ ಇಲ್ಲದ ಉದ್ಯಾನದಲ್ಲಿ ರೋಗಿಗಳೂ ಇರಲಿಲ್ಲ. ಆಯುಕ್ತರು ಅಲ್ಲೇ ಸಹಿ ಹಾಕಿದರು. ಹಸಿರು ವಲಯ ಎಂಬ ಪದದ ಅರ್ಥ ಬರೆದಿದ್ದ ಒಂದೇ ಒಂದು ಕಾಗದ ಕಚೇರಿಯಲ್ಲಿದ್ದದ್ದು ಆರೋಗ್ಯ ಶಾಖೆಯದು. ಸದರಿ ಗುಮಾಸ್ತರು ಅದನ್ನೇ ಆದೇಶಕ್ಕೆ ಲಗತ್ತಿಸಿದರು.

ಆ ದಿನ ಸಮಿತಿಯ ಹನ್ನೆರಡು ಸಾವಿರ ಜನ ಕಂಪ್ಯೂಟರಿನ ಮುಂದೆ ನಿಂತು ಚಪ್ಪಾಳೆ ತಟ್ಟಿದರು. ಮೂರನೆಯ ದಿನ ಬೆಳಿಗ್ಗೆ ಮಾಲಿ ಗೇಟು ತೆರೆಯಲು ಬಂದಾಗ ಗೇಟಿನ ಮುಂದೆ ಹದಿನಾಲ್ಕು ಸೋಫಾಗಳಿದ್ದವು.

ಸೋಫಾ ಅಂಗಡಿಯವರು ವರ್ತಕರ ಸಂಘದ ಅಧ್ಯಕ್ಷರೂ ಹೌದು. ಅವರ ಹಿಂದೆ ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿ, ಕ್ಷೌರದ ಅಂಗಡಿ, ಟೈರಿನ ಅಂಗಡಿ ಸಾಲಾಗಿ ನಿಂತಿದ್ದವು. ಇದು ಉದ್ಯಾನ ಸಾರ್ ಎಂದು ಮಾಲಿ ಹೇಳಿದ. ಗೊತ್ತಿದೆ, ಅದಕ್ಕೇ ಬಂದಿದ್ದೇವೆ ಎಂದು ಅವರು ಆದೇಶದ ಪ್ರತಿ ತೋರಿಸಿದರು. ಮೇಷ್ಟ್ರು ಇಪ್ಪತ್ತು ವರ್ಷ ಹೋರಾಡಿ ಇದನ್ನು ಗಳಿಸಿಕೊಟ್ಟಿದ್ದಾರೆ, ಅವರ ಶ್ರಮ ವ್ಯರ್ಥವಾಗಬಾರದು ಎಂದೂ ಸೇರಿಸಿದರು. ಸಂಜೆಯ ಹೊತ್ತಿಗೆ ಗುಲಾಬಿ ಪಾತಿಯ ಮೇಲೆ ಟೈರುಗಳ ರಾಶಿ ಬಿದ್ದಿತ್ತು.

ಮರಗಳನ್ನು ಕಡಿಯಬೇಕೆಂದು ಯಾರೂ ಹೇಳಲಿಲ್ಲ. ಈ ಮಾತನ್ನು ನಗರಸಭೆಯ ಪರವಾಗಿ ಸ್ಪಷ್ಟವಾಗಿ ದಾಖಲಿಸಬೇಕು. ಆರೋಗ್ಯ ನಿರೀಕ್ಷಕರು ಟೇಪು ಹಿಡಿದು ಬಂದದ್ದು ಅಂಗಡಿಗಳ ನಡುವಿನ ಅಂತರ ಅಳೆಯಲು. ಹಸಿರು ವಲಯದಲ್ಲಿ ನಿಲ್ಲುವ ಎಲ್ಲರ ನಡುವೆ ಆರು ಅಡಿ ಅಂತರವಿರಬೇಕು ಎಂಬುದು ನಿಯಮ. ಟೇಪು ಹೇಗೂ ಬಿಚ್ಚಿದ್ದಾಗಿದೆ ಎಂದು ಅವರು ಮರಗಳ ನಡುವಿನ ಅಂತರವನ್ನೂ ಅಳೆದರು. ನೂರ ಅರವತ್ತು ಮರಗಳು ನಿಯಮ ಉಲ್ಲಂಘಿಸಿ ನಿಂತಿದ್ದವು. ಕೆಲವು ಒಂದರ ಮೇಲೊಂದು ಒರಗಿದ್ದವು. ಎರಡು ಸಂಪಿಗೆ ಮರಗಳಂತೂ ಕೊಂಬೆಗೆ ಕೊಂಬೆ ಹೆಣೆದುಕೊಂಡು, ಮಾಸ್ಕ್ ಇಲ್ಲದೆ, ಎಲ್ಲರ ಕಣ್ಣೆದುರಿಗೇ ನಿಂತಿದ್ದವು. ಪ್ರತಿ ಮರಕ್ಕೂ ನೋಟೀಸು ಹೊಡೆಯಲಾಯಿತು. ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಹೇಳುವುದು ಏನೂ ಇಲ್ಲವೆಂದು ಭಾವಿಸಲಾಗುವುದು. ಏಳು ದಿನವೂ ಮರಗಳು ಸುಮ್ಮನಿದ್ದವು. ಎಂಟನೆಯ ದಿನ ಅವುಗಳಿಗೆ ಹೇಳುವುದು ಏನೂ ಇಲ್ಲವೆಂದು ಭಾವಿಸಲಾಯಿತು.

ಅಂತರ ಕಾಯ್ದುಕೊಂಡು ನಿಂತಿದ್ದ ಐವತ್ತಮೂರು ಗಿಡಮರಗಳಿಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಅವು ಟ್ರಕ್ಕುಗಳು ಹಿಂದಕ್ಕೆ ತಿರುಗುವಾಗ ತಾವಾಗಿಯೇ ಬಿದ್ದವು.

ಮಾಲಿ ಇದನ್ನೆಲ್ಲ ಹಲ್ಲು ಕಚ್ಚಿ ನೋಡಿದ. ಅವನಿಗೆ ಸಿಟ್ಟು ಬಂದಿತ್ತು, ಅತಿಯಾಗಿ ಬಂದಿತ್ತು. ಆದರೆ ಅತ್ತಿಮರ ಒಂದು ಉಳಿದಿತ್ತು. ಟೈರು, ಸೋಫಾಗಳ ನಡುವೆ ದಾರಿ ಮಾಡಿಕೊಂಡು ಹೆಂಡತಿ ದಿನಾ ಬಂದು ಅದರ ಬುಡದಲ್ಲಿ ಕೂರುತ್ತಿದ್ದಳು. ಅವಳಿಗೆ ನೆರಳಿರುವವರೆಗೆ ಮಿಕ್ಕದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ ಎಂದು ಅವನು ತೀರ್ಮಾನಿಸಿದ್ದ. ಕಡಿದ ಒಂದೊಂದು ಮರದ ತಗಡನ್ನೂ ಗುಮಾಸ್ತರಿಗೆ ಒಪ್ಪಿಸಿದ. ಹೊರಗೆ ಹೋದದ್ದನ್ನೆಲ್ಲ ಬರೆಯುವ ಜಾವಕ ಪುಸ್ತಕದಲ್ಲಿ ಅವರು ಒಂದೊಂದನ್ನೂ ಬರೆದುಕೊಂಡರು.

ಅತ್ತಿಮರಕ್ಕೆ ಕೊಡಲಿ ತಂದವರು ವರ್ತಕರಲ್ಲ. ಹಸಿರು ಉಳಿಸಿ ಸಮಿತಿಯವರು. ಹಸಿರು ವಲಯ ತಮ್ಮದೇ ಹೋರಾಟದ ಫಲವಾದ್ದರಿಂದ ಅಲ್ಲಿ ತಮಗೂ ಒಂದು ಮಳಿಗೆ ಬೇಕೆಂದು ಅವರು ಕೇಳಿ ಪಡೆದಿದ್ದರು. ಮಳಿಗೆಯ ಹೆಸರು ಪ್ರಕೃತಿ ಆಸ್ವಾದನ ಕೇಂದ್ರ. ಅಲ್ಲಿ ಕಾಡಿನ ಚಿತ್ರಗಳು, ಹಕ್ಕಿಗಳ ಧ್ವನಿಮುದ್ರಿಕೆ, ಮಣ್ಣಿನ ವಾಸನೆಯ ಮೇಣದ ಬತ್ತಿ ಎಲ್ಲ ದೊರೆಯಲಿದ್ದವು. ಖಾಲಿ ಇದ್ದ ಜಾಗ ನಡುಮಧ್ಯದ್ದು ಒಂದೇ. ಅದು ನಿಜವಾಗಿ ಖಾಲಿ ಇರಲಿಲ್ಲ, ಅಲ್ಲಿ ಮರವಿತ್ತು, ಆದರೆ ಅಂಗಡಿ ಇರಲಿಲ್ಲ.

ಮಾಲಿ ಮೇಷ್ಟ್ರ ಮನೆಗೆ ಓಡಿದ. ಅವರು ಮಾಸ್ಕ್ ಹಾಕಿಕೊಂಡು ಗೇಟಿನ ಬಳಿ ಬಂದರು. "ಮೇಷ್ಟ್ರೇ, ಅದೊಂದು ಮರ ಬಿಟ್ಟುಬಿಡಿ. ನನ್ನ ಹೆಂಡತಿ ಉಸಿರು ಅದರ ಕೆಳಗಿದೆ" ಎಂದ. ಮೇಷ್ಟ್ರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮರಗಳ ಮಾತು ಬಂದಾಗ ಅವರಿಗೆ ಹಾಗಾಗುತ್ತಿತ್ತು.

"ನಾನು ಒಂದು ಮರಕ್ಕೋಸ್ಕರ ಹೋರಾಡೋನಲ್ಲಪ್ಪಾ" ಎಂದರು. "ನಾನು ಪ್ರಕೃತಿಗೋಸ್ಕರ ಹೋರಾಡೋನು."

ಮರ ಬುಧವಾರ ಉರುಳಿತು. ಅದರ ಹಲಗೆಯಿಂದಲೇ ಕೇಂದ್ರದ ನಾಮಫಲಕ ಮಾಡಿಸಿದರು, ಏನನ್ನೂ ವ್ಯರ್ಥ ಮಾಡಬಾರದು ಎಂಬುದು ಸಮಿತಿಯ ತತ್ವವಾಗಿತ್ತು. ಗುರುವಾರದಿಂದ ಮಾಲಿಯ ಹೆಂಡತಿ ಮನೆಯಲ್ಲೇ ಉಳಿದಳು. ಮುಂದಿನ ವಾರ ನಾಲ್ಕು ಮೆಟ್ಟಿಲಿಗೆ ಮತ್ತೆ ಎರಡು ಕಡೆ ನಿಲ್ಲತೊಡಗಿದಳು, ಆಮೇಲೆ ಮೂರು ಕಡೆ. ಅವನು ಬೇಕೆಂದೇ ಪೈಪನ್ನು ಮನೆಗೆ ತಂದು ಅವಳ ಕಾಲಿಗೆ ಅಡ್ಡ ಬರುವಂತೆ ಇಟ್ಟ. ಅವಳು ಅದನ್ನು ನೋಡಿ, ಏನೂ ಅನ್ನದೆ ದಾಟಿಕೊಂಡು ಹೋದಳು. ಆಗ ಮಾಲಿಗೆ ನಿಜವಾಗಿ ಭಯವಾಯಿತು.

ಹದಿನೈದು ದಿನಗಳ ನಂತರ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ವಿಷಯ: ಹಸಿರು ವಲಯದಲ್ಲಿರುವ ಹಸಿರಿನ ಬಗ್ಗೆ. ಅಲ್ಲಿನ ಪರಿಸರ ಶಾಖೆಯವರು ಹಸಿರು ವಲಯ ಎಂಬ ಹೆಸರು ನೋಡಿ, ಇದು ತಮಗೆ ಸೇರಿದ್ದೆಂದು ಭಾವಿಸಿದ್ದರು. ಉದ್ಯಾನವೆಂದು ದಾಖಲಾಗಿರುವ ಹಸಿರು ವಲಯದಲ್ಲಿ ಕನಿಷ್ಠ ಒಂದಾದರೂ ಜೀವಂತ ಗಿಡವಿರತಕ್ಕದ್ದು, ಇಲ್ಲವಾದಲ್ಲಿ ಸದರಿ ವಲಯವನ್ನು ರದ್ದುಪಡಿಸಿ ಎಲ್ಲ ಚಟುವಟಿಕೆಗಳನ್ನು ನಿಲ್ಲಿಸಲಾಗುವುದು ಎಂದು ಬರೆದಿದ್ದರು.

ಆಯುಕ್ತರ ಕೋಣೆಯಲ್ಲಿ ತುರ್ತು ಸಭೆ ಸೇರಿತು. ಸೋಫಾ ಅಂಗಡಿಯವರ ಮುಖ ಬಿಳಿಚಿಕೊಂಡಿತ್ತು. ಮೇಷ್ಟ್ರು ಪ್ರಕೃತಿಯ ಮೇಲೆ ಇದು ನೇರ ದಾಳಿ ಎಂದರು. ಸದರಿ ಗುಮಾಸ್ತರು ಮಾತ್ರ ಶಾಂತವಾಗಿ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದರು. ಆವಕದಲ್ಲಿ ಇನ್ನೂರ ಹದಿನೈದು. ಜಾವಕದಲ್ಲಿ ಇನ್ನೂರ ಹದಿನಾಲ್ಕು.

"ಒಂದು ಉಳಿದಿದೆ" ಎಂದರು.

ಎಲ್ಲರೂ ಎದ್ದು ಹುಡುಕಲು ಹೊರಟರು. ಸೋಫಾಗಳ ಕೆಳಗೆ ಬಗ್ಗಿ ನೋಡಿದರು, ಟೈರುಗಳನ್ನು ಸರಿಸಿದರು. ಕೊನೆಗೆ ಷರಾ ಅಂಕಣ ಓದಿದ ಮೇಲೆ ಗುಮಾಸ್ತರಿಗೆ ನೆನಪಾಗಿ, ಎಲ್ಲರನ್ನೂ ಬಟ್ಟೆ ಒಗೆಯುವ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಮಾಲಿಯ ಹೆಂಡತಿ ಹಬೆಯಲ್ಲಿ ಗೋಡೆಗೆ ಒರಗಿ, ಹಳೆಯ ಕ್ಯಾಲೆಂಡರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕೈಚೀಲದ ತಗಡು ಮೊಳೆಗೆ ನೇತಾಡುತ್ತಿತ್ತು. ಗುಮಾಸ್ತರು ನಂಬರನ್ನು ಪುಸ್ತಕದೊಂದಿಗೆ ಹೋಲಿಸಿ, ಸದರಿ ಗಿಡ ಇದೇ ಎಂದು ದೃಢಪಡಿಸಿದರು. ಸೋಫಾ ಅಂಗಡಿಯವರು ಸಮಾಧಾನದ ನಿಟ್ಟುಸಿರು ಬಿಟ್ಟರು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಮಾಲಿ ಅಡ್ಡ ನಿಂತ. ಇವಳು ನನ್ನ ಹೆಂಡತಿ, ಊರಿಗೆಲ್ಲ ಗೊತ್ತು ಎಂದ. ಆಯುಕ್ತರು ಸಿಟ್ಟಾಗಲಿಲ್ಲ. ಅವರು ಆಡಳಿತದ ಅನುಭವವಿದ್ದವರು.

"ನೋಡಪ್ಪಾ, ಹೆಂಡತಿ ಅಂದ್ರೆ, ಮುಚ್ಚಿದ ಉದ್ಯಾನದೊಳಗೆ ಮನುಷ್ಯರನ್ನ ಬಿಟ್ಟ ಹಾಗಾಯ್ತು. ಅದಕ್ಕೆ ನೌಕರಿ ಹೋಗುತ್ತೆ, ಗುಮಾಸ್ತರದ್ದೂ ಹೋಗುತ್ತೆ. ಗಿಡ ಅಂದ್ರೆ ಯಾರೂ ಏನೂ ತಪ್ಪು ಮಾಡಿಲ್ಲ. ನೀನೇ ಹೇಳು, ಏನಂತ ಬರ್ಕೊಳ್ಳೋಣ?"

ಮಾಲಿ ಹೆಂಡತಿಯ ಕಡೆ ನೋಡಿದ. ಅವಳು ಕ್ಯಾಲೆಂಡರನ್ನು ಪಕ್ಕಕ್ಕಿಟ್ಟಳು. "ಇಲ್ಲಿ ಹಬೆ ಕುಡಿಯೋದಕ್ಕಿಂತ..." ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, "ಅಲ್ಲಿ ಗಾಳಿನಾದ್ರೂ ಇದೆ. ನಡೀರಿ" ಎಂದಳು.

ಹೀಗೆ ಇನ್ನೂರ ಹದಿನೈದನೆಯ ಗಿಡವನ್ನು ಸಕಲ ಗೌರವಗಳೊಂದಿಗೆ ಹಸಿರು ವಲಯಕ್ಕೆ ಮರಳಿಸಲಾಯಿತು. ಆಸ್ವಾದನ ಕೇಂದ್ರದ ಬಾಗಿಲ ಮುಂದೆ ಒಂದು ಕುರ್ಚಿ ಹಾಕಿ, ಸುತ್ತ ಆರು ಅಡಿ ಬಿಟ್ಟು ಹಗ್ಗ ಕಟ್ಟಿದರು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅವಳು ಅಲ್ಲಿರತಕ್ಕದ್ದು. ಸಾರ್ವಜನಿಕರು ಒಬ್ಬೊಬ್ಬರಾಗಿ ಬಂದು, ತಲಾ ಎರಡು ನಿಮಿಷ, ಹಗ್ಗದಾಚೆ ನಿಂತು ಪ್ರಕೃತಿಯನ್ನು ಸವಿಯಬಹುದು. ಮುಟ್ಟುವಂತಿಲ್ಲ. ಹಗ್ಗದ ಒಳಗೆ ಹೋಗಲು ಅವಕಾಶವಿದ್ದದ್ದು ಮಾಲಿಗೆ ಮಾತ್ರ, ಅದೂ ನೀರು ಹಾಕಲು.

ನೆರಳಿನ ಮಾತನ್ನು ಮಾಲಿ ಎತ್ತಿದ. ಷರಾದಲ್ಲಿ ನೆರಳು ಎಂದು ಬರೆದಿದೆ ಎಂದು ಪುಸ್ತಕವನ್ನೇ ತೋರಿಸಿದ. ಒಂದು ಛತ್ರಿಯಾದರೂ ಕಟ್ಟಲು ಬಿಡಿ ಎಂದ. ಗುಮಾಸ್ತರು ಖಂಡಿತ ಬಿಡುತ್ತಿದ್ದರು. ಆದರೆ ಗಿಡದ ಸುತ್ತ ಆರು ಅಡಿಯೊಳಗೆ ಛತ್ರಿ ಕೂಡದು ಎಂಬ ನಿಯಮ ಅಡ್ಡ ಬಂತು. ಮೇಷ್ಟ್ರು ಆ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಲು ಸಿದ್ಧರಿರಲಿಲ್ಲ.

ಜನ ಬಂದರು. ಎರಡು ಬೇಸಿಗೆ ಮನೆಯಲ್ಲಿ ಕೂತು ಕಂಗೆಟ್ಟವರು ಅವರು. ಮಾಸ್ಕಿನ ಮೇಲಿನ ಕಣ್ಣುಗಳಿಂದ ಅವಳನ್ನು ನೋಡಿ, ಮನಸ್ಸು ಹಗುರವಾಯಿತು ಎಂದು ಹೇಳಿಕೊಂಡು ಹೋದರು. ಒಬ್ಬ ತಾಯಿ ತನ್ನ ಮಗಳಿಗೆ, ನೋಡಮ್ಮ, ನಾವು ಚಿಕ್ಕವರಿದ್ದಾಗ ಇಂಥವು ಎಲ್ಲ ಕಡೆ ಇರುತ್ತಿದ್ದವು ಎಂದು ಹೇಳುತ್ತಿದ್ದಳು. ಇನ್ನೊಬ್ಬರು ನೆನಪಿಗಾಗಿ ಒಂದು ಎಲೆ ಸಿಗಬಹುದೇ ಎಂದು ಕೇಳಿ, ಅವಳು ನೋಡಿದ ನೋಟಕ್ಕೆ ಹಿಂದೆ ಸರಿದರು. ಮೇಷ್ಟ್ರು ಹಗ್ಗದಾಚೆ ನಿಂತು ದಿನಕ್ಕೆ ನಾಲ್ಕು ಸಲ ಉಪನ್ಯಾಸ ಕೊಡುತ್ತಿದ್ದರು. "ನೋಡಿ, ಯಾವ ಪ್ರತಿಫಲವನ್ನೂ ಬಯಸದೆ, ಎಷ್ಟು ಮೌನವಾಗಿ ನಮಗೆಲ್ಲ ಉಸಿರು ಕೊಡುತ್ತಿದೆ" ಎಂದು ಅವರು ಕೈಚಾಚಿ ತೋರಿಸುವಾಗ, ಅವಳು ಕುರ್ಚಿಯ ತೋಳನ್ನು ಹಿಡಿದುಕೊಂಡು ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಬಿಸಿಲು ನೇರ ಅವಳ ಮುಖದ ಮೇಲಿತ್ತು. ಅಂಗಡಿಗಳಿಗಾಗಿ ಸುತ್ತ ಹಾಸಿದ್ದ ಸಿಮೆಂಟು ಕಾದು ಹಂಚಾಗಿತ್ತು. ಮಾಲಿ ನೀರು ತಂದುಕೊಟ್ಟ. ಅವಳು ಕುಡಿದು, ಲೋಟ ಹಿಂದಕ್ಕೆ ಕೊಡಲು ಕೈ ಎತ್ತಲಾಗದೆ ಮಡಿಲಲ್ಲೇ ಇಟ್ಟುಕೊಂಡಳು. "ರೀ, ಬಿಸಿಲು" ಎಂದಳು. ಅಷ್ಟೇ. ಹೋಗೋಣ ಎನ್ನಲಿಲ್ಲ, ಯಾರನ್ನೂ ಬೈಯಲಿಲ್ಲ. ಮಾಲಿ ಸುತ್ತ ನೋಡಿದ. ಇಪ್ಪತ್ತೊಂಬತ್ತು ವರ್ಷ ಅವನು ನೀರೆರೆದ ಜಾಗದಲ್ಲಿ ಒಂದು ಹಿಡಿ ನೆರಳು ಇರಲಿಲ್ಲ. ಅವನು ಲೋಟವನ್ನು ನೆಲದ ಮೇಲಿಟ್ಟು, ಅವಳಿಗೂ ಸೂರ್ಯನಿಗೂ ನಡುವೆ ಹೋಗಿ ನಿಂತ. ಅವಳ ಮುಖದ ಮೇಲೆ ನೆರಳು ಬಿತ್ತು. ಅಂಗಿಯ ಗುಂಡಿ ಬಿಚ್ಚಿ, ಎರಡು ಕೈಗಳಿಂದ ಅಂಗಿಯನ್ನು ಅಗಲಿಸಿ ಹಿಡಿದ. ನೆರಳು ಇನ್ನಷ್ಟು ದೊಡ್ಡದಾಯಿತು. ಒಂದು ಗಂಟೆ ಅವನು ಹಾಗೇ ನಿಂತ. ಅವಳ ಉಸಿರು ನಿಧಾನವಾಗಿ ಹದಕ್ಕೆ ಬಂತು.

ಮೂರು ಗಂಟೆಗೆ ಸದರಿ ಗುಮಾಸ್ತರು ತಪಾಸಣೆಗೆ ಬಂದರು. ಹಗ್ಗದೊಳಗೆ ಒಂದು ಗಿಡ, ಅದರ ಪಕ್ಕದಲ್ಲಿ ನೆರಳು ಕೊಡುತ್ತಿದ್ದ ಇನ್ನೊಂದು. ಮಾಲಿ ಎಂದು ಬರೆದರೆ ನೀರು ಹಾಕುವ ಅವಧಿ ಮೀರಿ ಒಳಗೆ ನಿಂತ ಅಪರಾಧ. ಗುಮಾಸ್ತರು ಒಳ್ಳೆಯವರು ಎಂದು ಆಗಲೇ ಹೇಳಿದ್ದಾಗಿದೆ. ಆವಕ ಪುಸ್ತಕ ತೆರೆದು ಬರೆದರು. ಕ್ರಮ ಸಂಖ್ಯೆ: ಇನ್ನೂರ ಹದಿನಾರು. ವಿವರ: ಮರ, ಒಂದು. ಎತ್ತರ: ಐದೂವರೆ ಅಡಿ. ಷರಾ: ಕೊಂಬೆಗಳು ಹರಡಿವೆ, ನೆರಳು ಕೊಡುತ್ತದೆ.

ಆಯುಕ್ತರು ಅದೇ ಸಂಜೆ ಪತ್ರಿಕಾ ಪ್ರಕಟಣೆ ಹೊರಡಿಸಿದರು. ಸಾಂಕ್ರಾಮಿಕದ ಸಂಕಷ್ಟದ ನಡುವೆಯೂ ನಗರದ ಹಸಿರು ಹೊದಿಕೆಯು ಒಂದೇ ವಾರದಲ್ಲಿ ಶೇಕಡಾ ನೂರರಷ್ಟು ಹೆಚ್ಚಿದೆ ಎಂದು ತಿಳಿಸಲು ನಗರಸಭೆ ಹರ್ಷಿಸುತ್ತದೆ. ಮೇಲಿನ ಕಚೇರಿಯಿಂದ ಅಭಿನಂದನೆ ಬಂತು. ಸಮಿತಿಯ ಹನ್ನೆರಡು ಸಾವಿರ ಜನ ಮತ್ತೆ ಚಪ್ಪಾಳೆ ತಟ್ಟಿದರು. ಮಾಲಿಯೇ ಇಲ್ಲದ ಕಾರಣ ಮಾಲಿ ಕೆಲಸದ ಹುದ್ದೆಯನ್ನು ರದ್ದು ಮಾಡಲಾಯಿತು. ಮರವಾಗಿ ಮುಂದುವರಿಯಲು ಅವನಿಗೆ ಯಾವ ಅಡ್ಡಿಯೂ ಇಲ್ಲ ಎಂದು ಲಿಖಿತವಾಗಿ ತಿಳಿಸಲಾಯಿತು. ಅವನು ಕಾಗದ ಓದಿ, ಮಡಿಸಿ, ಮರುದಿನ ಹತ್ತು ಗಂಟೆಗೆ ಬಂದು ಹಗ್ಗದೊಳಗೆ ನಿಂತ. ಹೆಂಡತಿ ನೆರಳಿನಲ್ಲಿ ಕೂತಿದ್ದಳು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಈಗ ಭಾನುವಾರಗಳಂದು ಸಾಲು ಗೇಟಿನ ಹೊರಗಿನವರೆಗೂ ಇರುತ್ತದೆ. ಮೊನ್ನೆ ಗುಮಾಸ್ತರು ವಾರದ ತಪಾಸಣೆಗೆ ಬಂದು ಸ್ಥಿತಿಯನ್ನು ಬರೆದುಕೊಳ್ಳುತ್ತಿದ್ದರು. ಹೊತ್ತು ವಾಲಿ, ನೆರಳು ಅವಳ ಭುಜದಿಂದ ಜಾರುತ್ತಿತ್ತು.

"ರೀ, ಸ್ವಲ್ಪ ಎಡಕ್ಕೆ ಬನ್ನಿ" ಎಂದಳು ಅವಳು.

ಮಾಲಿ ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತ. ಗುಮಾಸ್ತರ ಪೆನ್ನು ತಡೆಯಿತು. ಅವರು ಸಾಲಿನಲ್ಲಿದ್ದವರ ಮುಖ ನೋಡಿದರು. ಯಾರಿಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಸ್ವಲ್ಪ ಯೋಚಿಸಿ, ಷರಾ ಅಂಕಣದಲ್ಲಿ, ಗಾಳಿ ಬಂದಾಗ ಅಲುಗಾಡುತ್ತದೆ ಎಂದು ಬರೆದುಕೊಂಡರು.